ಅಣ್ಣನಿಗೂ ಹೊಸ ಬೆಲೆ

ಗಾಜಿನ ಕಪಾಟಿನ ಮೇಲೆ ಒಂದು ಕೈ. ಬೆರಳುಗಳು ಅಗಲವಾಗಿ ಚಾಚಿವೆ. ಅವುಗಳ ಕೆಳಗೆ ಸಿಗರೇಟಿನ ಪೊಟ್ಟಣಗಳು ಸಾಲಾಗಿ ಮಲಗಿವೆ. ಬಲ್ಬಿನ ಹಳದಿ ಬೆಳಕು ಉಗುರುಗಳ ಮೇಲೆ ತಂಗಿದೆ. ಕಿಟಕಿಯಾಚೆ ಕಾರ್ಖಾನೆಯ ಗೇಟು ಇನ್ನೂ ಮಂಜಿನೊಳಗಿದೆ. ಕೈ ಅಲುಗುವುದಿಲ್ಲ.

ಮರುಕ್ಷಣ ಸೈರನ್ ಕೂಗುತ್ತದೆ, ಮೊದಲ ಪಾಳಿಯವರು ಅಂಗಡಿಗೆ ನುಗ್ಗುತ್ತಾರೆ, ಚಿತ್ರ ಒಡೆಯುತ್ತದೆ. ಸಿಗರೇಟಿನ ಮೇಲಿನ ತೆರಿಗೆ ಏರಿದ ಮೊದಲ ಬೆಳಗಿದು. ವರ್ಷಗಳಿಂದ ಈ ಅಂಗಡಿ ನಡೆಸುತ್ತ, ಎಲ್ಲರ ಬಾಯಲ್ಲಿ ಬರೀ ‘ಅಂಗಡಿ ಅಕ್ಕ’ನಾಗಿರುವ ಆ ಕೈಯ ಒಡತಿಯ ಮುಖದಲ್ಲಿ ಪರೀಕ್ಷೆಗೆ ಹೊರಟ ಹುಡುಗಿಯ ತವಕ.

“ಏನಕ್ಕಾ, ಹೊಗೆಗೂ ಚಿನ್ನದ ರೇಟಾ?” ಎನ್ನುತ್ತಾನೆ ಲಾರಿ ಚಾಲಕ.

“ಚಿನ್ನ ತಂದ್ರೆ ಹೆಂಡ್ತಿ ನಗ್ತಾಳಪ್ಪಾ. ಇದನ್ನ ತಗೊಂಡ್ರೆ ಡಾಕ್ಟ್ರು ಒಬ್ರೇ ನಗೋದು.”

ಗುಂಪು ಗೊಳ್ಳೆನ್ನುತ್ತದೆ. ಇಬ್ಬರು ಸೇರಿ ಒಂದೇ ಸಿಗರೇಟು ಕೊಳ್ಳುತ್ತಾರೆ. ‘ನಿನ್ನ ದಮ್ಮು ಉದ್ದ ಆಯ್ತು’ ಎಂದು ಮೆಟ್ಟಿಲ ಮೇಲೆಯೇ ಜಗಳ. ವ್ಯಾಪಾರ ಕುಗ್ಗುವುದು ಅಕ್ಕನಿಗೆ ಕಾಣುತ್ತಲೇ ಇದೆ. “ನನ್ನ ಹೊಟ್ಟೆ ಮೇಲೂ ಬೀಳತ್ತೆ ಬಿಡಿ. ಸೋಪು, ಬ್ಲೇಡು, ಬಿಸ್ಕತ್ತು ಮಾರ್ಕೋತೀನಿ.”

ಆಕೆ ಕಾಯುತ್ತಿರುವುದು ಕಾರ್ಖಾನೆಯ ಬೆಸುಗೆ ವಿಭಾಗದಲ್ಲಿ ದುಡಿಯುವ ಅಣ್ಣನಿಗಾಗಿ. ಅವನ ಶ್ವಾಸಕೋಶ ಇನ್ನು ತಡೆಯದೆಂದು ವೈದ್ಯರು ಹೇಳಿಯಾಗಿದೆ. ಹಿಂದೆ ತೆರಿಗೆ ಏರಿದಾಗಲೆಲ್ಲ ಈಕೆ ಅವನೊಬ್ಬನಿಗೆ ಹಳೆಯ ಬೆಲೆಗೇ ಕೊಟ್ಟಳು. ಉಳಿದದ್ದನ್ನು ತಾನೇ ತುಂಬಿದಳು.

“ಅದನ್ನ ಪ್ರೀತಿ ಅಂದ್ಕೊಂಡಿದ್ದೆ. ಬೆಲೆ ಏರಿ ಬೇರೆ ಗಿರಾಕಿಗಳಲ್ಲಿ ನಾಲ್ಕು ಜನ ಸಿಗರೇಟೇ ಬಿಟ್ರು. ಅಣ್ಣನಿಗೆ ಆ ಬಿಸಿ ತಟ್ಟದ ಹಾಗೆ ಅಡ್ಡ ನಿಂತಿದ್ದೇ ನಾನು,” ಎನ್ನುತ್ತಾಳೆ ಲಾರಿ ಚಾಲಕನಿಗೆ.

ಅಣ್ಣ ಕೆಮ್ಮುತ್ತ ಬರುತ್ತಾನೆ. ಅಭ್ಯಾಸಬಲದಿಂದ ಹಳೆಯ ಬೆಲೆಯ ಚಿಲ್ಲರೆ ಇಡುತ್ತಾನೆ. ತಂಗಿ ಅದನ್ನು ಮೆಲ್ಲನೆ ಹಿಂದಕ್ಕೆ ಸರಿಸುತ್ತಾಳೆ.

“ಇಷ್ಟು ಸಾಕಾಗಲ್ಲ, ಅಣ್ಣ.”

“ನನಗೂನಾ? ಮ್ಯಾನೇಜರಿಗೂ ಅದೇ ತೆರಿಗೆ, ನನಗೂ ಅದೇ. ಅವನಿಗದು ಸೊಳ್ಳೆ ಕಚ್ಚಿದ ಹಾಗೆ. ನನಗೆ ಜೇಬೇ ಹರಿಯತ್ತೆ. ಇದು ನ್ಯಾಯ ಏನೇ?”

“ಅಲ್ಲ. ಆದ್ರೆ ಆ ಮ್ಯಾನೇಜರು ನನ್ನ ಅಣ್ಣ ಅಲ್ವಲ್ಲ.”

ಅಣ್ಣ ಜೇಬಿನಿಂದ ನೋಟು ತೆಗೆಯುತ್ತಾನೆ, ನೋಡುತ್ತಾನೆ, ಮಡಚಿ ಒಳಗಿಡುತ್ತಾನೆ.

“ಶುದ್ಧ ಜಿಪುಣಿ ಕಣೇ ನೀನು.” ತುಟಿಯಂಚಿನಲ್ಲಿ ನಗೆಯ ಒಂದು ಗೆರೆ.

“ಹೌದು. ನಾಳೆನೂ ಇದೇ ರೇಟು.” ಆಕೆಯ ಕೊರಳು ನೆಟ್ಟಗಿದೆ.

ಅಣ್ಣ ಚಿಲ್ಲರೆ ಬಾಚಿಕೊಂಡು, ಸಿಗರೇಟಿಲ್ಲದೆ ಹೊರಡುತ್ತಾನೆ. ಅವನ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಳ್ಳುತ್ತದೆ.