ರಾಜೀನಾಮೆ ಬರೆದುಕೊಡಲಾಗುವುದು

ನಮ್ಮ ಬಿಲ್ಡಿಂಗಿನಲ್ಲಿ ಯಾರು ಯಾವ ಕಂಪನಿ ಬಿಡಲಿದ್ದಾರೆ ಎಂಬುದು ಎಷ್ಟೋ ಸಲ ಅವರ ಮನೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಇದು ಜಂಬವಲ್ಲ, ಕಸುಬು. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ರೂಲರಿನಿಂದ ಬೆರಳಗಂಟಿಗೆ ಬಾರಿಸಿ ಕಲಿಸಿದ ಇಂಗ್ಲಿಷು ಈ ವಯಸ್ಸಿನಲ್ಲಿ, ಮುಂಬಯಿಯ ಈ ಮಲಾಡಿನಲ್ಲಿ, ಒಂದೇ ಒಂದು ಕೆಲಸಕ್ಕೆ ಒದಗುತ್ತಿದೆ: ನೆರೆಹೊರೆಯವರ ರೆಸಿಗ್ನೇಶನ್ ಲೆಟರ್ ಬರೆಯುವುದಕ್ಕೆ. ಈಗ ಫೋನೇ ಪತ್ರ ಬರೆದುಕೊಡುತ್ತದಂತೆ. ಆದರೂ ನನ್ನ ಹತ್ತಿರ ಬರುತ್ತಾರೆ. ಆಂಟಿ ಬರೆದುಕೊಟ್ಟರೆ ಬಾಸ್ ಎದ್ದು ನಿಂತು ಓದುತ್ತಾನೆ ಎಂದು ನಮ್ಮ ಸೊಸೈಟಿಯಲ್ಲೊಂದು ನಂಬಿಕೆ. ಹಿರಿಯಳಾದ ನಾನು ಜನರ ನಂಬಿಕೆ ಕೆಡಿಸಬಾರದು, ಅಲ್ಲವೇ?

ಕೆಲಸ ಬಿಡುವ ಪತ್ರದಷ್ಟು ಸುಂದರವಾದ ಸುಳ್ಳು ಇನ್ನೊಂದಿಲ್ಲ. ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡು ದುಡಿದವನೂ ಕಡೆಯ ದಿನ ‘ಇಟ್ ಹ್ಯಾಸ್ ಬೀನ್ ಎ ಪ್ರಿವಿಲೇಜ್’ ಎನ್ನುತ್ತಾನೆ. ‘ರಿಗ್ರೆಟ್’ ಎಂಬ ಮಾತಂತೂ ಕಚೇರಿಯ ಪತ್ರಗಳಲ್ಲಿ ಕಾಣಿಸುವುದು ಯಾರಿಗೂ ಏನೂ ಅನ್ನಿಸದ ಕಡೆಯಲ್ಲೇ. ನಮ್ಮ ಹಳೆಯ ಕವಿಗಳು ವಿರಹಕ್ಕೆ ಎಷ್ಟೆಲ್ಲ ಏರ್ಪಾಡು ಮಾಡಿದ್ದಾರೆ! ಚಂದ್ರ ಸುಡಬೇಕು, ಗಂಧ ಕುದಿಯಬೇಕು, ಗಿಳಿ ಸುಮ್ಮನಾಗಬೇಕು. ಆದರೆ ಬಿಟ್ಟುಬಂದ ಆಫೀಸನ್ನು ನೆನೆದು ನಿಟ್ಟುಸಿರಿಡುವವರಿಗೆ ಅವರು ಒಂದು ಬಳ್ಳಿಯನ್ನೂ ಬಾಡಿಸಿಲ್ಲ.

ಇಷ್ಟೆಲ್ಲ ಹೇಳಲು ಕಾರಣ ಮೂರನೇ ಮಹಡಿಯ ವಿದ್ಯಾ. ವಿಜಯಪುರದ ಕಡೆಯವಳು, ದೊಡ್ಡ ಟೆಕ್ನಾಲಜಿ ಕಂಪನಿಯೊಂದರ ವಿಕ್ರೋಳಿಯ ಆಫೀಸಿನಲ್ಲಿ ಹನ್ನೊಂದು ವರ್ಷ ಇದ್ದಳು. ಕಳೆದ ವರ್ಷ ಅದನ್ನು ಬಿಟ್ಟು, ಹೊಸದೊಂದು ಪುಟ್ಟ ಕಂಪನಿಯಲ್ಲಿ ಉದ್ದನೆಯ ಹೆಸರಿನ ಹುದ್ದೆಗೆ ಹೋದಳು. ಆಗಿನ ಪತ್ರ ನನ್ನದೇ. ನನ್ನ ಮಾಸ್ಟರ್‌ಪೀಸುಗಳಲ್ಲಿ ಒಂದು. ಎಂಟು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಮತ್ತೆ ಬಂದು ಸೋಫಾದ ತುದಿಯಲ್ಲಿ ಕೂತಳು.

“ಆಂಟಿ, ಒಂದ್ ಲೆಟರ್ ಬರದ್ ಕೊಡ್ರಿ.”

“ಇಷ್ಟು ಬೇಗ ಇದನ್ನೂ ಬಿಡ್ತೀಯೇನಮ್ಮ?”

“ಬಿಡೂದಲ್ರಿ. ವಾಪಸ್ ಹೋಗೂದು.”

ಹಳೆಯ ಟೀಮಿನಲ್ಲಿ ಒಂದು ಜಾಗ ಖಾಲಿಯಾಗಿದೆಯಂತೆ. ಶುಕ್ರವಾರದೊಳಗೆ ಅವಳ ಹಳೆಯ ಮ್ಯಾನೇಜರ್ ಯಾರನ್ನಾದರೂ ಆರಿಸಿಬಿಡುತ್ತಾನೆ. ಹೊಸ ಕಡೆ ತೊಂದರೆಯೇ ಎಂದು ಕೇಳಿದೆ.

“ಏನೂ ಇಲ್ರಿ, ಮಂದಿ ಚಲೋ ಅದಾರ. ಆದ್ರ ಊಟದ ಟೈಮಿಗೆ ಎಲ್ಲಾರೂ ತಮ್ ತಮ್ ಸ್ಕ್ರೀನ್ ಮುಂದ ಕುಂಡರ್ತಾರ. ಎಂಟ್ ತಿಂಗಳಾತು ಆಂಟಿ, ನನ್ನ ಶೇಂಗಾ ಚಟ್ನಿ ಡಬ್ಬಿಗೆ ಒಬ್ಬರರ ಕೈ ಹಾಕಿಲ್ಲ.” ಇಷ್ಟು ಹೇಳಿ ಕಿಟಕಿಯ ಕಡೆ ತಿರುಗಿಕೊಂಡಳು. ಚಟ್ನಿಗಾಗಿ ಅತ್ತವರನ್ನು ನಾನು ಅದೇ ಮೊದಲು ನೋಡಿದ್ದು.

ಕನ್ನಡಕ ಏರಿಸಿ ಬರೆಯಲು ಕೂತೆ. ಬಿಡುವ ಪತ್ರಕ್ಕೆ ನನ್ನ ಪೆನ್ನು ತಾನೇ ಓಡುತ್ತದೆ. ಮರಳುವ ಪತ್ರಕ್ಕೆ ಎಲ್ಲಿಂದ ಶುರುಮಾಡಬೇಕೋ ತಿಳಿಯಲಿಲ್ಲ. ಅಂತೂ ಒಂದೂವರೆ ಪುಟ ತುಂಬಿಸಿದೆ. ಅನುಭವ, ಪರಸ್ಪರ ಪ್ರಯೋಜನ, ಹೊಸ ದೃಷ್ಟಿಕೋನ, ಎಲ್ಲವೂ ಇಸ್ತ್ರಿ ಹಾಕಿದ ಹಾಗೆ ಕೂತವು. ವಿದ್ಯಾ ಎರಡು ಸಲ ಓದಿದಳು.

“ಭಾಳ ಭಾರಿ ಐತ್ರಿ. ಆದ್ರ ಆಂಟಿ, ನನಗ ವಾಪಸ್ ಬರೂ ಆಸೆ ಐತಿ ಅನ್ನೂದು ಇದರಾಗ ಎಲ್ಲಿ ಐತಿ?”

ಹುಡುಕಿದೆ. ಎಲ್ಲಿಯೂ ಇರಲಿಲ್ಲ.

ಅವಳು ಅಷ್ಟಕ್ಕೇ ಬಿಡಲಿಲ್ಲ. “ನೀವೂ ಕಂಪ್ಯೂಟರ್ ಕಂಪನಿ ಬಿಟ್ಟವರಲ್ರಿ? ನಿಮಗ ಎಂದರ ಹಳಹಳಿ ಆಗೇತೇನು?”

ಈ ಪ್ರಶ್ನೆಗೆ ನನ್ನಲ್ಲಿ ನಲವತ್ತು ವರ್ಷದ ರೆಡಿಮೇಡ್ ಉತ್ತರವಿದೆ: ನೋ ರಿಗ್ರೆಟ್ಸ್. ಅದನ್ನೇ ಹೇಳಲು ಬಾಯಿ ತೆರೆದೆ. ಎದುರಿಗೆ ಆ ಒಂದೂವರೆ ಪುಟ ಬಿದ್ದಿತ್ತು. ಅದನ್ನು ನೋಡಿ ಇದ್ದದ್ದನ್ನೇ ಹೇಳತೊಡಗಿದೆ.

ಪರೇಲಿನಲ್ಲಿ ಇನ್ನೂ ಬಟ್ಟೆಗಿರಣಿಯ ಭೋಂಗಾ ಸೈರನ್ನು ಕೂಗುತ್ತಿದ್ದ ಕಾಲ. ನಮ್ಮದು ಆ ದಿನಗಳ ಬಹು ದೊಡ್ಡ ಕಂಪ್ಯೂಟರ್ ಕಂಪನಿ. ಮಷೀನಿಗೆ ಸೆಕೆ ಆಗದಂತೆ ಕೋಣೆಯನ್ನು ಎಷ್ಟು ತಣ್ಣಗಿಟ್ಟಿದ್ದರೆಂದರೆ, ಬಾಂಬೆಯ ಮೇ ತಿಂಗಳಲ್ಲಿ ನಾನು ಸ್ವೆಟರ್ ಹಿಡಿದು ಲೋಕಲ್ ಹತ್ತುತ್ತಿದ್ದೆ. ಹೆಂಗಸರ ಬೋಗಿಯಲ್ಲಿ ಎಲ್ಲರೂ ನನ್ನನ್ನು ಮರುಕದಿಂದ ನೋಡುತ್ತಿದ್ದರು. ಆಗ ಪ್ರೋಗ್ರಾಮ್ ಎಂದರೆ ತೂತು ಕೊರೆದ ನೂರಾರು ರಟ್ಟಿನ ಕಾರ್ಡುಗಳು. ಒಂದು ಕಾರ್ಡು ಹಿಂದುಮುಂದಾದರೂ ಎಲ್ಲ ಕೆಟ್ಟಿತು. ಒಂದು ಮಧ್ಯಾಹ್ನ ಇಡೀ ಟ್ರೇ ನನ್ನ ಕೈ ಜಾರಿತು. ಯಾರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ಎದ್ದು ಬಂದು ನೆಲದ ಮೇಲೆ ಮಂಡಿಯೂರಿದರು. ವಯಸ್ಸಾದ ನಮ್ಮ ಪಾರ್ಸಿ ಮ್ಯಾನೇಜರ್ ಕೂಡ ಟೈಯನ್ನು ಹೆಗಲಿನ ಮೇಲೆ ಎಸೆದುಕೊಂಡು ಕಾರ್ಡು ಜೋಡಿಸಲು ಕೂತರು. ಸಂಜೆಯವರೆಗೆ ನಗುತ್ತ ಜೋಡಿಸಿದೆವು. ಅಷ್ಟು ಜನ ನನಗಾಗಿ ಮಂಡಿಯೂರಿದ್ದು ಅದೇ ಮೊದಲು, ಅದೇ ಕೊನೆ.

ಅಂಥ ಜಾಗವನ್ನು ಬಿಟ್ಟೆನೇಕೆ? ಅಭಿಮಾನ. ನಾನೇ ಕೆಲಸ ಕಲಿಸಿದವನೊಬ್ಬನನ್ನು ನನಗಿಂತ ಮೇಲೆ ಕೂರಿಸಿದರು. ರಾತ್ರಿ ನಿದ್ದೆಗೆಟ್ಟು ರೆಸಿಗ್ನೇಶನ್ ಬರೆದೆ. ಹೋಗಬೇಕೆಂದಲ್ಲ, ‘ಬೇಡಮ್ಮ, ಇರು’ ಎನ್ನಲಿ ಎಂದು. ಮ್ಯಾನೇಜರ್ ನಿಧಾನವಾಗಿ ಓದಿದರು, ಕನ್ನಡಕ ತೆಗೆದರು. “ಬ್ಯೂಟಿಫುಲಿ ಪುಟ್, ಮೈ ಡಿಯರ್. ನೀನು ಗಟ್ಟಿ ಮನಸ್ಸು ಮಾಡಿದ್ದೀಯ, ನಾನು ತಡೆಯಬಾರದು,” ಎಂದು ಇಂಗ್ಲಿಷಿನಲ್ಲಿ ಹೇಳಿ ಸಹಿ ಹಾಕಿಬಿಟ್ಟರು. ಸಿಸ್ಟರುಗಳ ಏಟು ಅಷ್ಟು ಚೆನ್ನಾಗಿ ಫಲಿಸಿತ್ತು! ಒಂದು ವಾಕ್ಯ ತಡವರಿಸಿದ್ದರೂ ಅವರು ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದರೋ ಏನೋ.

ಇಷ್ಟನ್ನೂ ವಿದ್ಯಾಳಿಗೆ ಹೇಳಿದೆ. ತೀರಿಕೊಂಡ ನನ್ನ ಯಜಮಾನರಿಗೂ ಹೇಳಿದವಳಲ್ಲ.

“ಅಯ್ಯ ಆಂಟಿ! ಬಾಯಿ ಬಿಟ್ಟು ‘ಇರತೀನ್ರಿ’ ಅನ್ನಬಾರದಿತ್ತೇನು?”

“ನೀನೂ ಅದನ್ನೇ ಬರಿ. ನನ್ನ ಹಾಳೆ ಹರಿದುಹಾಕು.”

ಅವಳು ಫೋನು ತೆಗೆದು, ನನ್ನೆದುರಿಗೇ, ಮುರುಕು ಇಂಗ್ಲಿಷು ಮುರುಕು ಹಿಂದಿಯಲ್ಲಿ ಎರಡು ಸಾಲು ಕುಟ್ಟಿದಳು: ನಿಮ್ಮನ್ನೆಲ್ಲ ತುಂಬಾ ನೆನೆಸುತ್ತೇನೆ ಸರ್, ಬಿಟ್ಟದ್ದು ತಪ್ಪಾಯಿತು, ಜಾಗ ಇದ್ದರೆ ಬರಲೇ? ಕಾಮಾ ಇಲ್ಲ, ಫುಲ್‌ಸ್ಟಾಪ್ ಇಲ್ಲ. ತಿದ್ದಲು ಮುಂದಾದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ. ಕಾಫಿ ಉಕ್ಕುವ ಮೊದಲೇ ಉತ್ತರ ಬಂತು: ನಾಳೆ ಬಾ, ಮಾತಾಡೋಣ.

ಜಾಗ ಸಿಕ್ಕಿತು. ಹುದ್ದೆಯ ಹೆಸರು ಮೊದಲಿಗಿಂತ ಗಿಡ್ಡ. ಮೇಲಧಿಕಾರಿಯಾಗಿ ಅವಳ ಹಳೆಯ ಜೂನಿಯರ್. ಈಗ ಸಂಜೆ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಕಂಪನಿಯನ್ನು ಬೈಯುತ್ತಾಳೆ. ಮೀಟಿಂಗು ಮುಗಿಯುವುದಿಲ್ಲ, ಎಸಿ ಕೆಟ್ಟಿದೆ, ಚಟ್ನಿ ಡಬ್ಬಿ ಹನ್ನೊಂದಕ್ಕೇ ಖಾಲಿ. ಎಷ್ಟು ಸುಖವಾಗಿ ಬೈಯುತ್ತಾಳೆಂದರೆ, ಕೇಳುತ್ತ ನನ್ನ ಮಹಡಿ ದಾಟಿಹೋಗುತ್ತದೆ. ಬಿಟ್ಟುಬಂದದ್ದನ್ನು ಹೊಗಳಬಹುದು, ನೆನೆಯಬಹುದು. ಮನದಣಿಯೆ ಬೈಯಬೇಕಾದರೆ ಮಾತ್ರ ನಾಳೆ ಬೆಳಿಗ್ಗೆ ಅಲ್ಲಿಗೇ ಹೋಗುವಂತಿರಬೇಕು.