ಕೀಲಿಯಕ್ಕ ನಿಜ ಹೇಳಿದ ಮಧ್ಯಾಹ್ನ

ಲಾರಿ ಕಂಪನಿಯ ಆ ಶಾಖೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಕೀಲಿಯಕ್ಕ. ಟೈಪಿಸ್ಟಾಗಿ ಸೇರಿದವಳು, ಕಂಪ್ಯೂಟರನ್ನು ಫೋನಿಗೆ ಜೋಡಿಸುವ ಮೋಡೆಮ್ ಬಂದ ಮೇಲೆ ಅದರ ಬೆನ್ನು ಬಿದ್ದು ಕಲಿತಳು. ಯಾವ ಲಾರಿ ಯಾವ ಮಾಲು ಹೊತ್ತು ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಫೋನ್ ಲೈನಿನಲ್ಲೇ ಮುಖ್ಯ ಕಚೇರಿಯ ಕಂಪ್ಯೂಟರಿಗೆ ಮುಟ್ಟಿಸುವುದು ಅವಳ ಕೆಲಸ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿದ್ದ ಗುಮಾಸ್ತನ ಕಪಾಳಕ್ಕೆ ಎಲ್ಲರೆದುರೇ ಬಾರಿಸಿದ್ದಳು.

ಬಾರಿಸಿದ್ದಕ್ಕೆ ಕಾರಣವಿತ್ತು. ಯಾರೋ ಕದ್ದ ಪಾಸ್‌ವರ್ಡಿನಿಂದ ಲೈನಿಗೆ ನುಗ್ಗಿ ದಾರಿ ತಿಳಿದುಕೊಂಡು, ಲಾರಿ ಅಡ್ಡಗಟ್ಟಿ, ಡ್ರೈವರನ ಒಂದು ಕಣ್ಣು ಕಳೆದಿದ್ದರು. ಆಮೇಲೆ ಅವಳು ಹೊಸ ಏರ್ಪಾಡು ಮಾಡಿದಳು. ಹೆಸರು, ಪಾಸ್‌ವರ್ಡ್ ಸರಿಯಿದ್ದರೂ ಮುಖ್ಯ ಕಚೇರಿ ಕರೆಯನ್ನು ಕಡಿದುಹಾಕುತ್ತದೆ. ತನ್ನಲ್ಲಿ ದಾಖಲಾದ ಶಾಖೆಯ ನಂಬರಿಗೆ ತಾನೇ ತಿರುಗಿ ಫೋನ್ ಮಾಡುತ್ತದೆ. ಬೇರೆಲ್ಲಿಂದ ಕರೆದರೂ ಬಾಗಿಲು ತೆರೆಯದು.

ಒಂದು ಮಧ್ಯಾಹ್ನ ಮೈದುನ ಸ್ಕೂಟರ್ ಹತ್ತಿ ಬಂದ. ಈ ಏರ್ಪಾಡಿಗೂ ಮೊದಲೇ ಇದೇ ಕಂಪನಿಯಿಂದ ಕೆಲಸ ಕಳೆದುಕೊಂಡು ವೆಲ್ಡಿಂಗ್ ಶೆಡ್ ಹಾಕಿಕೊಂಡವನು.

"ಅತ್ತಿಗೆ, ಅಣ್ಣ ನಮ್ಮ ಶೆಡ್‌ನಲ್ಲಿ ಜಾರಿ ಬಿದ್ದಿದ್ದಾನೆ. ಬೇಗ ಬಾ."

ಅವಳು ಕುರ್ಚಿ ಬಿಟ್ಟೆದ್ದಳು. ಚಪ್ಪಲಿಯನ್ನೂ ಮೆಟ್ಟದೆ ಹಿಂದೆ ಕೂತಳು. ಶೆಡ್ಡಿನೊಳಗೆ ಗಂಡನಿರಲಿಲ್ಲ. ಕಂಪ್ಯೂಟರ್, ಮೋಡೆಮ್, ಗೂಳಿಯಂಥ ಒಬ್ಬ ಆಳು. ಬೆನ್ನ ಹಿಂದೆ ಶಟರ್ ಬಿತ್ತು.

"ಪಾಸ್‌ವರ್ಡ್ ಹೇಳಿಬಿಡು ಅತ್ತಿಗೆ, ಮನೆಗೆ ಬಿಟ್ಟು ಬರ್ತೀನಿ."

"ನಿನ್ನ ಅಣ್ಣನೂ ಲಾರಿ ಓಡಿಸ್ತಾನಲ್ಲೋ, ನಾಚಿಕೆಗೆಟ್ಟವನೇ!"

ಗೂಳಿಯ ಕೈ ಅವಳ ಕೆನ್ನೆಗೆ ಅಪ್ಪಳಿಸಿತು. ಬಾಯಲ್ಲಿ ರಕ್ತದ ರುಚಿ. ಎರಡನೇ ಏಟಿಗೆ ಅವಳು ಹೇಳಿಬಿಟ್ಟಳು. ಹೇಳಿದ್ದು ಅಪ್ಪಟ ನಿಜ. ಹೇಳಿದರೆ ಹೊಡೆತ ನಿಲ್ಲುತ್ತದೆ, ಲೈನಂತೂ ಸಿಗುವುದಿಲ್ಲ ಎಂಬ ಲೆಕ್ಕ ಅವಳದು.

ಮೋಡೆಮ್ ಕಿರುಚಿತು, ಲೈನ್ ಸೇರಿತು, ಕಡಿದುಹೋಯಿತು.

"ಸುಳ್ಳು ಹೇಳ್ತೀಯಾ?" ಮೈದುನ ಕೂದಲು ಹಿಡಿದು ತಲೆಯನ್ನು ಮೇಜಿಗೆ ಕುಟ್ಟಿದ.

"ನಿಜಾನೇ ಕಣೋ! ಅದು ಲೈನ್ ಕಡಿದು ನಮ್ಮ ಶಾಖೆಗೆ ತಿರುಗಿ ಫೋನ್ ಮಾಡುತ್ತೆ!"

"ಕತೆ ಕಟ್ಟಬೇಡ." ಗೂಳಿ ಇಕ್ಕಳ ತಂದು ಅವಳ ತೋರುಬೆರಳನ್ನು ಅದರ ಬಾಯಿಗೆ ಕೊಟ್ಟು ತಿರುಚಿದ. ಎಲುಬು ಲಟಕ್ಕೆಂದಿತು. ಅವಳ ಚೀರಾಟಕ್ಕೆ ತಗಡಿನ ಮಾಡು ನಡುಗಿತು. ಮತ್ತೆ ಡಯಲ್ ಮಾಡಿದರು, ಮತ್ತೆ ಲೈನ್ ಕಡಿದುಹೋಯಿತು, ಮತ್ತೊಂದು ಬೆರಳು ಹೋಯಿತು.

ಅತ್ತ ಶಾಖೆಯಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಬುತ್ತಿ ಬಿಚ್ಚಿ ಕೂತಿದ್ದ ಹಮಾಲಿ ಮೇಸ್ತ್ರಿ ಬೈದುಕೊಳ್ಳುತ್ತ ಎತ್ತಿದರೆ ಕಿವಿಗೆ ಕೀರಲು ಸದ್ದು. ಇಟ್ಟರೆ ಮತ್ತೆ ಅದೇ. ಅಕ್ಕ ಡಯಲ್ ಮಾಡಿದಾಗ ಮಾತ್ರ ತಿರುಗಿ ಬರುವ ಸದ್ದು. ಅಕ್ಕನ ಕುರ್ಚಿ ಖಾಲಿ, ಚಪ್ಪಲಿ ಕೆಳಗೇ ಬಿದ್ದಿದೆ. ಅವಳು ಯಾರ ಸ್ಕೂಟರ್ ಹತ್ತಿದಳು ಎಂಬುದನ್ನು ಅವನು ಕಣ್ಣಾರೆ ಕಂಡಿದ್ದ. ಮೂಟೆ ಎತ್ತುವ ಕೊಕ್ಕೆ ಹಿಡಿದು, ಸಿಕ್ಕ ಹಮಾಲರನ್ನೆಲ್ಲ ಕರೆದುಕೊಂಡು ವೆಲ್ಡಿಂಗ್ ಶೆಡ್ಡಿನತ್ತ ಓಡಿದ.

ಕೊಕ್ಕೆಗಳು ಶಟರ್ ಮೇಲೆತ್ತಿದವು. ಗೂಳಿ ರಾಡ್ ಬೀಸಿ ಒಬ್ಬನ ಮೊಣಕಾಲು ಮುರಿದ. ಮೇಸ್ತ್ರಿಯ ಕೊಕ್ಕೆ ಗೂಳಿಯ ಹೆಗಲಿಗೆ ಇಳಿಯಿತು. ಗಲಾಟೆಯಲ್ಲಿ ಮೈದುನ ನುಸುಳಲು ನೋಡಿದಾಗ ಕೀಲಿಯಕ್ಕ ಎಡಗೈಯಲ್ಲಿ ಮೋಡೆಮ್ ಕಿತ್ತು ಅವನ ಮುಖಕ್ಕೆ ಬಡಿದಳು. ಬಿದ್ದ ಮೇಲೂ ಬಡಿದಳು. ಮೇಸ್ತ್ರಿ ಹಿಡಿದೆಳೆಯದಿದ್ದರೆ ಕೊಂದೇ ಹಾಕುತ್ತಿದ್ದಳು.

"ಸಾಕು ಕಣಕ್ಕ, ಜೈಲಿಗೆ ಅವನು ಹೋಗಲಿ, ನೀನಲ್ಲ."

ಗಂಡ ಆಸ್ಪತ್ರೆಯಲ್ಲಿ ಕೂತು ಅತ್ತ. "ಒಡಹುಟ್ಟಿದವನು ಕಣೇ. ಕೇಸು ಬೇಡ." ಅವಳು ಪಟ್ಟಿ ಸುತ್ತಿದ ಕೈಯನ್ನು ಅವನ ತೊಡೆಯ ಮೇಲಿಟ್ಟಳು.

ಕೋರ್ಟಿನಲ್ಲಿ ಎದುರು ವಕೀಲ ಕೆಣಕಿದ: "ಎರಡೇ ಏಟಿಗೆ ಕಂಪನಿಯ ಗುಟ್ಟು ಬಿಟ್ಟುಕೊಟ್ಟಿರಲ್ಲಮ್ಮ?"

"ಹೌದು ಸ್ವಾಮಿ. ಹೊಡೆದರೆ ಯಾರಾದರೂ ಬಾಯಿ ಬಿಡ್ತಾರೆ ಅಂತ ಗೊತ್ತಿದ್ದೇ, ಬರೀ ಪಾಸ್‌ವರ್ಡ್ ನಂಬದೆ ಆ ಏರ್ಪಾಡು ಮಾಡಿದ್ದು."

ಮೈದುನ, ಗೂಳಿ ಇಬ್ಬರಿಗೂ ಶಿಕ್ಷೆಯಾಯಿತು. ತಮ್ಮನನ್ನು ನೋಡಲು ಗಂಡ ಜೈಲಿಗೆ ಹೋಗಿ ಬರುತ್ತಾನೆ. ಅವಳು ಬೇಡವೆನ್ನುವುದಿಲ್ಲ, ಹೇಗಿದ್ದಾನೆ ಎಂದೂ ಕೇಳುವುದಿಲ್ಲ. ಮುರಿದ ಬೆರಳುಗಳು ಮಡಚುವುದಿಲ್ಲವಾದ್ದರಿಂದ ಉಳಿದವುಗಳಲ್ಲೇ ಟೈಪ್ ಮಾಡುತ್ತಾಳೆ, ತಪ್ಪಾದಾಗ ಜೋರಾಗಿ ಬೈಯುತ್ತಾಳೆ.