ಸದ್ದು ಮಾಡದ ಸೈಕಲ್ಲು

ಮೊಣಕಾಲು ನೋವು ಹೆಚ್ಚಾದ ವರ್ಷ ನಾನು ಬ್ಯಾಟರಿ ಸೈಕಲ್ಲು ಕೊಂಡೆ. ಜಹೀರಾಬಾದಿನಿಂದ ನ್ಯಾಲ್ಕಲ್ಲಿಗೆ ಹೋಗುವ ರಸ್ತೆಯ ಮೇಲಿನ ಊರಿನಲ್ಲಿ ನಮ್ಮ ಮನೆ. ನಾನು ಕಲಿಸುವ ಶಾಲೆ ಇರುವುದು ಅಲ್ಲಿಂದ ನಾಲ್ಕು ಕಿಲೋಮೀಟರ್ ಒಳಗಿನ ಹಳ್ಳಿಯಲ್ಲಿ. ಆಟೋ ತುಂಬುವ ತನಕ ಹೊರಡುವುದಿಲ್ಲ, ನಡೆಯಲು ಕಾಲು ಒಪ್ಪುವುದಿಲ್ಲ.

ಐವತ್ತರ ಹತ್ತಿರ ಬಂದು ಸೈಕಲ್ಲು ಹತ್ತುವುದಕ್ಕೆ ನಾಚಿಕೆಗಿಂತ ಹೆದರಿಕೆಯೇ ಹೆಚ್ಚಿತ್ತು. ಎರಡು ಭಾನುವಾರ ನನ್ನ ಯಜಮಾನರು ಶಾಲೆಯ ಬಯಲಿನಲ್ಲಿ ಕಲಿಸಿದರು. ಬಲಗೈಯ ಹಿಡಿ ತಿರುವಿದರೆ ಓಡುತ್ತದೆ, ಬಿಟ್ಟರೆ ನಿಧಾನವಾಗುತ್ತದೆ. ಬ್ರೇಕು ಹಿಡಿಯುವ ಮೊದಲು ಆ ಹಿಡಿಯನ್ನು ಬಿಡಬೇಕು. ಜಲ್ಲಿಯ ಮೇಲೆ ಮುಂದಿನ ಬ್ರೇಕು ಒಮ್ಮೆಲೇ ಹಿಡಿಯಬಾರದು. ನಾನು ಹೆಲ್ಮೆಟ್ಟನ್ನೂ ತರಿಸಿಕೊಂಡೆ. "ಸೈಕಲ್ಲಿಗ್ಯಾಕ್ರಿ ಹೆಲ್ಮೆಟ್ಟು, ಟೀಚರ್?" ಎಂದು ಚಹಾದಂಗಡಿಯ ಮುಂದೆ ಕೂತವರು ಕೇಳಿದರೂ ತೆಗೆಯಲಿಲ್ಲ. ನನಗೆ ಏನೇನು ಆಗಬಹುದೋ ಎಲ್ಲವನ್ನೂ ಯೋಚಿಸಿದ್ದೆ. ನನ್ನಿಂದ ಇನ್ನೊಬ್ಬರಿಗೆ ಏನಾಗಬಹುದು ಎಂಬುದು ಮಾತ್ರ ತಲೆಗೆ ಬಂದಿರಲಿಲ್ಲ.

ಶಾಲೆಯಿರುವ ಹಳ್ಳಿಯ ಮೊದಲ ಮನೆಯಲ್ಲಿ ಒಬ್ಬ ಹಿರಿಯರಿದ್ದರು. ಚಿಕ್ಕಂದಿನಲ್ಲಿ ಸಿಡುಬು ಬಂದು ಅವರ ಎರಡೂ ಕಣ್ಣು ಹೋಗಿದ್ದವು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಪುಂಡಿ ಗಿಡದ ನಾರಿನಿಂದ ಹಗ್ಗ ಹೊಸೆಯುವುದು ಅವರ ಕೆಲಸ. ಸುತ್ತಲಿನ ಎತ್ತುಗಳ ಕೊರಳಿಗೆ ಹೆಚ್ಚಾಗಿ ಅವರದೇ ಹಗ್ಗ. ದಿನಾ ಬೆಳಿಗ್ಗೆ ಒಬ್ಬರೇ ರಸ್ತೆ ದಾಟಿ ಎದುರಿನ ಬುದ್ಧ ವಿಹಾರದ ಕಟ್ಟೆಗೆ ಬಂದು ಕೂರುತ್ತಿದ್ದರು. ದಾಟುವ ಮುಂಚೆ ನಿಂತು ಕಿವಿಗೊಡುವರು. ಕಬ್ಬಿನ ಟ್ರ್ಯಾಕ್ಟರೋ, ಹಾಲಿನ ಗಾಡಿಯೋ, ತಿರುವಿನ ಆಚೆ ಇರುವಾಗಲೇ ಹೇಳಿಬಿಡುವರು. ಯಾರಾದರೂ ಕೈಹಿಡಿದು ದಾಟಿಸಲು ಹೋದರೆ ಸಿಟ್ಟಾಗುತ್ತಿದ್ದರು.

ಆ ದಿನ ನನಗೆ ಪ್ರಾರ್ಥನೆಗೆ ತಡವಾಗಿತ್ತು. ಹಳ್ಳಿಯ ಮುಂದೆ ಸಣ್ಣ ಇಳಿಜಾರು, ಹೊಸ ಡಾಂಬರು. ಕಾಕಾ ರಸ್ತೆಯಂಚಿನಲ್ಲಿ ನಿಂತಿದ್ದರು. ನನ್ನನ್ನು ನೋಡಿಯೇ ನಿಂತಿದ್ದಾರೆ ಅಂದುಕೊಂಡೆ. ಅಷ್ಟು ವರ್ಷದಿಂದ ಅವರನ್ನು ಬಲ್ಲ ನಾನು ಹಾಗೆ ಹೇಗೆ ಅಂದುಕೊಂಡೆನೋ ಇವತ್ತಿಗೂ ತಿಳಿಯದು. ಬೆಲ್ಲು ಬಾರಿಸಲಿಲ್ಲ. ಅವರಿಗೆ ಏನೂ ಕೇಳಲಿಲ್ಲ, ಕೋಲು ಮುಂದಿಟ್ಟು ರಸ್ತೆಗಿಳಿದರು. ನಾನು ಬ್ರೇಕು ಹಿಡಿದೆ. ಗಾಬರಿಯಲ್ಲಿ ಬಲಗೈ ಹಿಡಿಯನ್ನೂ ತಿರುವಿಕೊಂಡೇ ಇತ್ತು.

ಇಬ್ಬರೂ ಬಿದ್ದೆವು. ನನ್ನ ತಲೆ ನೆಲಕ್ಕೆ ಬಡಿಯಿತು, ಹೆಲ್ಮೆಟ್ಟು ಕಾಪಾಡಿತು. ಕಾಕಾ ಬಲಗೈ ಊರಿ ಬಿದ್ದಿದ್ದರು.

"ಯಾರದು?" ಎಂದರು.

"ನಾನ್ರಿ ಕಾಕಾ, ಸಾಲಿ ಟೀಚರ್."

"ನೀ ಎಲ್ಲಿಂದ ಬಂದಿ ಯವ್ವಾ? ನಾ ನಿಂತು ಕೇಳಿದ್ನಲ್ಲ. ಏನೂ ಬರಾಕತ್ತಿದ್ದಿಲ್ಲ."

ನೋವಿಗಿಂತ ಆಶ್ಚರ್ಯವೇ ಆ ದನಿಯಲ್ಲಿ ಹೆಚ್ಚಿತ್ತು. ಅವರ ಸೊಸೆ ಓಡಿ ಬಂದಳು. ಮೂವರೂ ಆಟೋದಲ್ಲಿ ಜಹೀರಾಬಾದಿನ ಆಸ್ಪತ್ರೆಗೆ ಹೋದೆವು. ಮಣಿಕಟ್ಟಿನ ಎಲುಬು ಮುರಿದಿದೆ ಎಂದು ಪ್ಲಾಸ್ಟರ್ ಹಾಕಿದರು. ಆಸ್ಪತ್ರೆಯ ಬೆಂಚಿನ ಮೇಲೆ ಸೊಸೆ ನನ್ನ ಮುಖ ನೋಡದೆ ಹೇಳಿದಳು: "ಕಣ್ಣಿದ್ದವರು ನೋಡ್ಕೊಂಡು ಬರಬೇಕಲ್ರಿ."

ಸೈಕಲ್ಲನ್ನು ಹಿತ್ತಲಲ್ಲಿ ನಿಲ್ಲಿಸಿ ಮತ್ತೆ ಆಟೋ ಹಿಡಿದೆ. ಸಂಜೆ ಶಾಲೆ ಬಿಟ್ಟ ಮೇಲೆ ಕಾಕಾನ ಮನೆಗೆ ಹೋಗಿ ಸ್ವಲ್ಪ ಹೊತ್ತು ಕೂರುತ್ತಿದ್ದೆ. ಅವರು ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದರು. ಒಂದು ಸಂಜೆ ಕೈ ನೋಯುತ್ತದೆಯೇ ಎಂದು ಕೇಳಿದೆ.

"ಕೈ ಮಾತು ಬಿಡು. ಕಿವಿ ಮ್ಯಾಲಿನ ನಂಬಿಗಿ ಹೋಗ್ಯದ. ಈಗ ಏನೂ ಕೇಳಿಸಲಿಲ್ಲಂದ್ರನೇ ಅಂಜಿಕಿ ಬರ್ತದ."

ಅಂದು ಮನೆಗೆ ಬಂದು ಅತ್ತುಬಿಟ್ಟೆ. ಒಬ್ಬ ಮನುಷ್ಯ ಅರವತ್ತು ವರ್ಷ ಆತುಕೊಂಡು ಬದುಕಿದ್ದನ್ನು ನಾನು ಒಂದು ಬೆಳಿಗ್ಗೆ ಕಿತ್ತುಕೊಂಡಿದ್ದೆ.

ಪ್ಲಾಸ್ಟರ್ ಬಿಚ್ಚಿದ ವಾರ ಅವರೇ ಹೇಳಿಕಳಿಸಿದರು: "ಆ ಸೈಕಲ್ ತಗೊಂಡು ಬಾ. ಅದು ಹ್ಯಾಂಗ ಬರ್ತದಂತ ನಾ ಕೇಳಬೇಕು."

ಭಾನುವಾರ ಹೋದೆ. ಮೊದಲು ಎಡಗೈಯಿಂದ ಗಾಲಿ, ಚೈನು, ಹಿಡಿ ಎಲ್ಲ ಮುಟ್ಟಿ ನೋಡಿದರು. ಆಮೇಲೆ ಮನೆಯ ಮುಂದಿನ ಕಲ್ಲಿನ ಮೇಲೆ ಕೂತು, ಕೇಳಿಸಿದಾಗ ಕೈ ಎತ್ತುತ್ತೇನೆ ಎಂದರು. ಡಾಂಬರಿನ ಮೇಲೆ ಅವರ ಮಗ್ಗುಲಿಗೆ ಬರುವವರೆಗೂ ಕೈ ಏಳಲಿಲ್ಲ. ಜಲ್ಲಿಯ ಅಂಚಿಗೆ ಇಳಿಸಿದಾಗ ದೂರದಿಂದಲೇ ಎದ್ದಿತು. ಮೋಟಾರು ನಿಲ್ಲಿಸಿ ಪೆಡಲು ತುಳಿದಾಗ ಚೈನಿನ ಸದ್ದಿಗೂ ಎದ್ದಿತು. ಕೊನೆಗೆ ಬೆಲ್ಲು ಬಾರಿಸಿದೆ. ಬೆಲ್ಲಿಗೆ ಬೆಚ್ಚಿಬಿದ್ದರು.

"ಗಂಟಿ ಬಾರಿಸಿದ್ರ ಏನೋ ಅದ ಅಂತ ತಿಳೀತದ. ಯಾ ಕಡಿ ಹೊಂಟದಂತ ತಿಳೀವಲ್ದು. ಬಾಯಿಲೆ ಹೇಳು. ದೂರದಿಂದ್ಲೇ ಹೇಳು."

"ಏನಂತ ಹೇಳ್ಲಿ ಕಾಕಾ?"

"ನಾ ಬರಾಕತ್ತೀನಿ, ನಿಮ್ಮ ಬಲಕ್ಕ ಹೋಗ್ತೀನಿ ಅನ್ನು. ಮಂದಿ ಇದ್ದಲ್ಲಿ ಮಷೀನ್ ಬಂದ್ ಮಾಡಿ ತುಳ್ಕೊಂತ ಬಾ. ಆತು, ಮತ್ತೊಮ್ಮೆ ಬಾ."

ಆ ಮಧ್ಯಾಹ್ನ ಎಷ್ಟು ಸಲ ಹೋಗಿ ಬಂದೆನೋ ಎಣಿಸಲಿಲ್ಲ. ಬೀದಿಯವರು ನಿಂತು ನೋಡಿದರು, ಯಾರೂ ನಗಲಿಲ್ಲ.

ಮರುದಿನದಿಂದ ಸೈಕಲ್ಲಿನಲ್ಲೇ ಶಾಲೆಗೆ ಹೋದೆ. ಇಳಿಜಾರಿನ ಮೇಲೆಯೇ ಹಿಡಿ ಬಿಟ್ಟು ಪೆಡಲು ತುಳಿಯುತ್ತ, "ಟೀಚರ್ ಬರಾಕತ್ತೀನ್ರೀ" ಎಂದು ಕೂಗಿ ಹೇಳುತ್ತೇನೆ. ದನ ಕಾಯುವವರಿಗೆ, ನೀರು ಹೊತ್ತ ಹೆಂಗಸರಿಗೆ, ಬೆನ್ನು ಮಾಡಿ ನಡೆಯುವ ಎಲ್ಲರಿಗೂ.

ಸುಮಾರು ತಿಂಗಳ ಮೇಲೆ ಕಾಕಾ ಮತ್ತೆ ಕಟ್ಟೆಗೆ ಬಂದರು, ಸೊಸೆಯ ಭುಜ ಹಿಡಿದುಕೊಂಡು. ಈಗಲೂ ಹಾಗೆಯೇ ಬರುತ್ತಾರೆ. ಮಣಿಕಟ್ಟು ಮೊದಲಿನಂತೆ ತಿರುಗುವುದಿಲ್ಲ. ಅವರು ಹೊಸೆದ ಹಗ್ಗ ಸಡಿಲ ಬೀಳುತ್ತದೆ, ಸೊಸೆ ಕೂತು ಮತ್ತೆ ಬಿಗಿಯುತ್ತಾಳೆ. ಕಾಕಾ ನನ್ನ ದನಿ ಕೇಳಿ ಕೈ ಎತ್ತಿ, "ಹೋಗವ್ವ, ಸಾಲಿಗಿ ಹೊತ್ತಾತು" ಎನ್ನುತ್ತಾರೆ. ಸೊಸೆ ತಲೆ ಎತ್ತುವುದಿಲ್ಲ. ಅವಳು ಕ್ಷಮಿಸಲಿ ಎಂದು ಬೇಡುವ ಸ್ಥಾನದಲ್ಲಿ ನಾನೂ ಇಲ್ಲ.